ಸರಗೂರು–ಕೋಟೆ ಕಡೆ ಮೂರು ದಿನ, ರೆಸಾರ್ಟ್ ಬೇಡ: ಏನೇನು ನೋಡ್ಕೋಬೇಕು?

ಸುಮಾ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಎಚ್.ಡಿ. ಕೋಟೆ, ಸರಗೂರು ಕಡೆ ಮೂರು ದಿನ ಇದ್ದು ಬರೋಣ ಅಂತಿದ್ದೀವಿ. ಹಿನ್ನೀರಿನ ರೆಸಾರ್ಟ್‌ಗಳ ಬಾಡಿಗೆ ನಮ್ಮ ಕೈಗೆಟುಕಲ್ಲ, ಅದು ಬೇಕಾಗಿಯೂ ಇಲ್ಲ. ಊರಲ್ಲೇ ಲಾಡ್ಜೋ ಹೋಂಸ್ಟೇನೋ ಹಿಡಿದು, ಅಲ್ಲಿಯ ಮುದ್ದೆ ಊಟ ಉಂಡು, ಆ ಸೀಮೆಯನ್ನ ನಿಧಾನವಾಗಿ ನೋಡಬೇಕು ಅನ್ನೋದು ಆಸೆ. ನಾಲ್ಕು ಜನ: ನಾನು, ನಮ್ಮ ಯಜಮಾನರು, ಮಾವ, ಮಗಳು. ಮಾವನವರಿಗೆ 68, ಶುಗರ್‌ಗೆ ಇನ್ಸುಲಿನ್ ತಗೋತಾರೆ. ಮಗಳಿಗೆ 9.

ಮೊದಲ ದಿನ ಚಿಕ್ಕದೇವಮ್ಮನ ಬೆಟ್ಟ, ಕಬಿನಿ ಅಣೆಕಟ್ಟೆ. ಎರಡನೇ ದಿನ ಅಂತರಸಂತೆ, ಬಳ್ಳೆ, ಬಾವಲಿ, ಡಿ.ಬಿ. ಕುಪ್ಪೆ ಎಲ್ಲ ನೋಡಿಕೊಂಡು ರಾತ್ರಿ ಊಟದ ಹೊತ್ತಿಗೆ ವಾಪಸ್. ಮೂರನೇ ದಿನ ನುಗು ಡ್ಯಾಂ, ಯಾವುದಾದರೂ ಒಂದು ಹಾಡಿ (ಗಿರಿಜನರ ಊರು), ಸಂಜೆ ಮೈಸೂರು. ಹಾಡಿಯ ಮಕ್ಕಳಿಗೆ ಬಟ್ಟೆ, ಸ್ವೀಟು ತಗೊಂಡು ಹೋಗೋಣ ಅಂತ ಮಗಳು ಹೇಳ್ತಿದ್ದಾಳೆ.

ಕಾರಲ್ಲಿ ಹೋಗೋದೋ ಬಸ್ಸಲ್ಲೋ? ಉಳಿಯೋಕೆ ಸರಗೂರು ಒಳ್ಳೇದೋ, ಕಾಡಿನ ಹತ್ತಿರದ ಹೋಂಸ್ಟೇ ಒಳ್ಳೇದೋ? ಮಾವನವರ ಆರೋಗ್ಯದ ದೃಷ್ಟಿಯಿಂದ ಏನೇನು ಇಟ್ಟುಕೊಂಡಿರಬೇಕು? ಆ ಕಡೆಯವರು ದಯವಿಟ್ಟು ವಿವರವಾಗಿ ತಿಳಿಸಿ.

ಹ್ಯಾಂಡ್‌ಪೋಸ್ಟ್_ಮಾದೇವ

ಸುಮಾ ಮೇಡಂ, ನಿಮ್ಮ ಎರಡನೇ ದಿನವನ್ನ ಮೊದಲು ತಿದ್ದಬೇಕು. ಮಾನಂದವಾಡಿ ರಸ್ತೇಲಿ ಉದ್ಬೂರು ಗೇಟ್‌ನಿಂದ ಬಾವಲಿ ಚೆಕ್‌ಪೋಸ್ಟ್‌ವರೆಗೆ ಪೂರಾ ಕಾಡು. ಸಂಜೆ 6ಕ್ಕೆ ಗೇಟ್ ಹಾಕಿದರೆ ಮತ್ತೆ ತೆಗೆಯೋದು ಬೆಳಗ್ಗೆ 6ಕ್ಕೇನೆ. ಬಂಡೀಪುರದ ಹೆದ್ದಾರಿ ರಾತ್ರಿ 9ರವರೆಗೆ ಇರುತ್ತಲ್ಲ, ಇಲ್ಲೂ ಹಾಗೇ ಅಂದುಕೊಂಡು ಬಂದು ಬಾವಲಿ ಕಡೆ ಸಿಕ್ಕಿಹಾಕಿಕೊಳ್ಳೋರು ಬಹಳ ಜನ. ಆಮೇಲೆ ಕುಟ್ಟದ ಕಡೆಯಿಂದ ಸುತ್ತಿ ಬರೋಣ ಅಂದರೂ ಅದೂ ಕಾಡೇ, ಅಲ್ಲೂ ಗೇಟ್ ಇದೆ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದೂ 6ರ ಸುಮಾರಿಗೇ. ಹಾಗಾಗಿ ಬಾವಲಿ ಬಿಡೋದು 4 ಗಂಟೆಗೆ ಅಂತ ಇಟ್ಟುಕೊಳ್ಳಿ. ದಾರೀಲಿ ಟೈರ್ ಪಂಕ್ಚರ್ ಆದರೂ ಬೆಳಕಿರೋವಾಗಲೇ ಈಚೆ ಬರಬಹುದು.

ಡಿ.ಬಿ. ಕುಪ್ಪೆಗೆ ಬಾವಲಿ ಹತ್ತಿರ ಮುಖ್ಯರಸ್ತೆ ಬಿಟ್ಟು ಒಳಕ್ಕೆ ಹೋಗಬೇಕು. ಊರು ಕಬಿನಿ ದಡದಲ್ಲೇ ಇದೆ, ಆಚೆ ದಡ ಕೇರಳದ ಪೆರಿಕ್ಕಲ್ಲೂರು. ದೋಣೀಲಿ ಜನ ದಿನಾ ಓಡಾಡ್ತಾರೆ. ಆದರೆ ಲೈಫ್ ಜಾಕೆಟ್ ಇಲ್ಲದ ದೋಣಿಗೆ 9 ವರ್ಷದ ಮಗೂನ ಹತ್ತಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಅವತ್ತು ಬಳ್ಳೆ–ಬಾವಲಿ ಮಾಡಿ, ಇಲ್ಲವೇ ಸೀದಾ ಕುಪ್ಪೆಗೆ ಹೋಗಿ ಬನ್ನಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡೋದೆಲ್ಲ ಕಿಟಕಿಯಿಂದಲೇ ಆಗುತ್ತೆ.

ಉಳಿಯೋದು ಸರಗೂರಲ್ಲೋ ಕೋಟೇಲೋ, ಪಟ್ಟಣದೊಳಗೇ ಇರಲಿ. ಕಾಡಂಚಿನ ಹೋಂಸ್ಟೇ ಫೋಟೋದಲ್ಲಿ ಚೆನ್ನಾಗಿರುತ್ತೆ. ಆದರೆ ಡಾಂಬರು ಬಿಟ್ಟ ಮೇಲಿನ ಕೊನೆಯ ಎರಡು–ಮೂರು ಕಿಲೋಮೀಟರ್ ಹೊಲದ ಮಧ್ಯೆ ಹೋಗುತ್ತೆ, ಆನೆ ಕೆಳಗಿಳಿಯೋ ಜಾಗವೂ ಅದೇ. ರಾತ್ರಿ ಮಾವನವರಿಗೆ ಹೆಚ್ಚುಕಮ್ಮಿ ಆದರೆ ಆ ಮೂರು ಕಿಲೋಮೀಟರೇ ದಾಟೋಕೆ ಆಗಲ್ಲ. ಹೋಂಸ್ಟೇನೇ ಬೇಕು ಅಂದರೆ ಎರಡು ಪ್ರಶ್ನೆ ಕೇಳಿ: ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ, ರಾತ್ರಿ 8ರ ಮೇಲೆ ಆಂಬುಲೆನ್ಸ್ ಬಾಗಿಲವರೆಗೂ ಬರುತ್ತಾ. ಎರಡನೇದಕ್ಕೆ ತಡವರಿಸಿದರೆ ಬಿಟ್ಟುಬಿಡಿ.

ಬಸ್ಸಿನ ವಿಚಾರ. ಮೈಸೂರು ಸಬರ್ಬನ್ ಸ್ಟ್ಯಾಂಡಿನಿಂದ ಕೋಟೆಗೆ ಬೇಕಾದಷ್ಟು ಬಸ್ಸಿವೆ. ಸುಮಾರು 50 ಕಿ.ಮೀ., ಜಯಪುರ, ಹಂಪಾಪುರ ದಾಟಿ ಬಂದರೆ ಹ್ಯಾಂಡ್‌ಪೋಸ್ಟ್. ಅಲ್ಲಿ ದಾರಿ ಕವಲಾಗುತ್ತೆ, ಒಂದು ಕೋಟೆ–ಅಂತರಸಂತೆಗೆ, ಇನ್ನೊಂದು ಸರಗೂರಿಗೆ. ಸರಗೂರಿನ ಬಸ್ಸು ತಪ್ಪಿದರೆ ಕೋಟೆ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟಲ್ಲಿ ಇಳಿದರೆ ಸಾಕು, ಊರೊಳಗೆ ಹೋಗಿ ತಿರುಗಿ ಬರೋದು ಬೇಡ. ನಿಮಗೂ ಮಗಳಿಗೂ ಶಕ್ತಿ ಯೋಜನೇಲಿ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಕೈಗೆ ಸಿಗೋ ಹಾಗಿಟ್ಟುಕೊಳ್ಳಿ.

ಹಳ್ಳಿ ಬಸ್ಸಿಗೆ ಮಾತ್ರ ಒಂದು ಪದ್ಧತಿ ಇದೆ. ಸಂಜೆ ಹೊರಡೋ ಕೊನೇ ಬಸ್ಸು ವಾಪಸ್ ಬರಲ್ಲ, ಆ ಊರಲ್ಲೇ ನೈಟ್ ಹಾಲ್ಟ್. ಡ್ರೈವರು ಕಂಡಕ್ಟರು ಅಲ್ಲೇ ಮಲಗಿ ಬೆಳಗಿನ ಜಾವ ಹೊರಡ್ತಾರೆ. ಹಾಗಾಗಿ ಹತ್ತೋಕೆ ಮುಂಚೆ 'ಈ ಬಸ್ಸು ಇವತ್ತೇ ವಾಪಸ್ ಬರುತ್ತಾ' ಅಂತ ಕಂಡಕ್ಟರ್‌ನ ಕೇಳಿ. ಇನ್ನೂ ಒಂದು, ಬೆಳಗ್ಗೆ 8ರಿಂದ 9:30, ಸಂಜೆ 4ರಿಂದ 5 ಸ್ಕೂಲು ಕಾಲೇಜು ಮಕ್ಕಳ ಹೊತ್ತು. ಮಾವನವರಿಗೆ ಸೀಟು ಸಿಗಲ್ಲ.

ನಾಲ್ಕು ಜನ, ಅದರಲ್ಲಿ ವಯಸ್ಸಾದವರು ಒಬ್ಬರು ಅಂದಮೇಲೆ ಕಾರೇ ಮೇಲು. ಕಾರಿನ ಬಗ್ಗೆ ಸಿದ್ದಣ್ಣ ಬರೀಲಿ.

ಸ್ಟೇರಿಂಗ್_ಸಿದ್ದ

ಮಾದೇವಣ್ಣ ಹೇಳಿದ್ದು ಸರಿ. ಅಕ್ಕ, ಡಿಸೆಂಬರಲ್ಲಿ ಆನೆಗಿಂತ ಮುಂಚೆ ನೀವು ನೋಡಬೇಕಾದ್ದು ರಸ್ತೆ ಮೇಲಿನ ಒಕ್ಕಣೆ. ರಾಗಿ, ಹುರುಳಿ ಎಲ್ಲ ಕಿತ್ತು ತಂದು ಡಾಂಬರ್ ಮೇಲೆ ಹರಡಿರ್ತಾರೆ, ಓಡಾಡೋ ಗಾಡಿ ಚಕ್ರದಲ್ಲೇ ಕಾಳು ಉದುರಲಿ ಅಂತ. ರಾಗಿ ಹುಲ್ಲು ಅಷ್ಟು ತೊಂದರೆ ಕೊಡಲ್ಲ. ಹುರುಳಿ ಮಾತ್ರ ಬಳ್ಳಿ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ಕಾರು ಮೇಲೆ ಹೋದಾಗ ಕಂತೆ ಕಂತೆ ಕೆಳಗೆ ಸಿಕ್ಕಿ ಆಕ್ಸೆಲ್ ಶಾಫ್ಟಿಗೆ ಸುತ್ತಿಕೊಳ್ಳುತ್ತೆ, ಉಳಿದದ್ದು ಸೈಲೆನ್ಸರ್ ಪೈಪಿಗೆ ಒತ್ತಿಕೊಂಡು ಕೂರುತ್ತೆ. ಪೈಪು ಕಾದಿರುತ್ತೆ, ಹುಲ್ಲು ಒಣಗಿರುತ್ತೆ, ಒಂದೆರಡು ಕಿಲೋಮೀಟರ್ ಹೋಗೋಷ್ಟರಲ್ಲಿ ಬೆಂಕಿ. ನಮ್ಮ ಜಿಲ್ಲೇಲಿ, ಚಾಮರಾಜನಗರದ ಕಡೆ ಹೀಗೆ ಕಾರು ಸುಟ್ಟು ಹೋಗಿರೋದು ಪೇಪರಲ್ಲಿ ಆಗಾಗ ಬರುತ್ತೆ.

ಮುಂದೆ ಹರಡಿರೋದು ಕಂಡರೆ ನಿಧಾನ ಮಾಡಿ, ರಸ್ತೆಯ ಒಂದು ಅಂಚಲ್ಲಿ ಜಾಗ ಇದ್ದರೆ ಅಲ್ಲೇ ಹೋಗಿ. ಜಾಗ ಇಲ್ಲ ಅಂದರೆ ನಿಲ್ಲಿಸಿ, ಅಲ್ಲಿರೋರಿಗೆ 'ಸ್ವಲ್ಪ ಎಳೀರಣ್ಣ, ಕಾರು ತಗ್ಗಿದೆ' ಅಂದರೆ ಕವೆಗೋಲಲ್ಲಿ ಸರಿಸಿ ಕೊಡ್ತಾರೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹುಲ್ಲಿನ ಮೇಲೆ ನಿಲ್ಲಿಸಿ ಎಂಜಿನ್ ಓಡಿಸ್ತಾ ಇರಬೇಡಿ. ದಾಟಿದ ಮೇಲೆ ಬರೀ ನೆಲ ಇರೋ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ಕೆಳಗೆ ನೋಡಿ. ಸಿಕ್ಕಿಕೊಂಡಿದ್ದರೆ ಕೋಲಲ್ಲಿ ಎಳೀರಿ, ಕೈ ಹಾಕಿದರೆ ಪೈಪು ಸುಡುತ್ತೆ. ಒಂದು ಕುಡುಗೋಲು, 5 ಲೀಟರ್ ನೀರಿನ ಕ್ಯಾನು ಡಿಕ್ಕೀಲಿರಲಿ. ಸುಟ್ಟ ವಾಸನೆ ಬಂದರೆ ಮೊದಲು ಎಲ್ಲರೂ ಇಳೀರಿ, ಸಾಮಾನು ಆಮೇಲೆ. ಹೊಗೆ ಬರ್ತಿರುವಾಗ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಉರಿ ಜಾಸ್ತಿ ಆಗುತ್ತೆ.

ಇನ್ನು ಆನೆ. ರಾಗಿ ಕುಯ್ಲಿನ ಕಾಲ, ಕತ್ತಲಾದ ಮೇಲೆ ಕಾಡಿಂದ ಹೊಲಕ್ಕೆ ಬರ್ತವೆ, ಬೆಳಗ್ಗೆ ವಾಪಸ್ ಹೋಗೋವಾಗ ಕೆಲವು ಸಲ 7 ಗಂಟೆ ಆದರೂ ರಸ್ತೇಲಿರ್ತವೆ. ಬೆಳಗ್ಗೆ ಮಂಜಿರುತ್ತೆ, ಮಂಜಲ್ಲಿ ಆನೆ ಹತ್ತಿರ ಬರೋವರೆಗೂ ಕಾಣಲ್ಲ. ಅದಕ್ಕೇ ಬೆಳಗ್ಗೆ 7ರ ಮೇಲೆ ಹೊರಡಿ. ದಾರೀಲಿ ಹಬೆಯಾಡ್ತಿರೋ ಲದ್ದಿ, ಮುರಿದ ಹಸಿ ಕೊಂಬೆ ಕಂಡರೆ ಹತ್ತಿರದಲ್ಲೇ ಇದೆ ಅಂತ ಅರ್ಥ.

ಎದುರಿಗೆ ಸಿಕ್ಕಿದರೆ ನೂರು ಮೀಟರ್ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಹೈ ಬೀಮ್ ಬೇಡ, ಮೊಬೈಲ್ ಹಿಡಿದು ಇಳಿಯೋದಂತೂ ಬೇಡವೇ ಬೇಡ. ಎಂಜಿನ್ ಓಡ್ತಿರಲಿ. ಅದು ಕಿವಿ ಬೀಸ್ತಾ ಮೇಯ್ತಿದ್ದರೆ ಕಾಯಿರಿ, ತಾನಾಗೇ ಹೋಗುತ್ತೆ. ಕಿವಿ ಅಗಲಿಸಿ, ಬಾಲ ನೆಟ್ಟಗೆ ಮಾಡಿ ನಿಮ್ಮ ಕಡೆ ತಿರುಗಿ ನಿಂತರೆ ನೇರಕ್ಕೆ, ನಿಧಾನವಾಗಿ ಹಿಂದಕ್ಕೆ ಬನ್ನಿ. ಮರಿ ಒಂದು ಪಕ್ಕ, ತಾಯಿ ಇನ್ನೊಂದು ಪಕ್ಕ ಇದ್ದಾಗ ಮಧ್ಯೆ ನುಗ್ಗಬಾರದು. ಒಂದು ದಾಟಿತು ಅಂತ ಗೇರ್ ಹಾಕಬೇಡಿ, ಹಿಂದೆ ಇನ್ನೂ ಇರ್ತವೆ. ಉದ್ಬೂರು ಗೇಟ್ ಒಳಗೆ ಗಾಡಿ ನಿಲ್ಲಿಸೋದೇ ತಪ್ಪು, ತಿಂಡಿ ಎಸೆಯೋದಕ್ಕೂ ದಂಡ ಇದೆ. ಮಗಳಿಗೆ ಗೇಟಿಗೆ ಮುಂಚೆಯೇ ಬಾತ್‌ರೂಮ್ ಮುಗಿಸಿಸಿ.

ಪೆಟ್ರೋಲ್ ಕೋಟೆ ಬಿಡೋ ಮುಂಚೆ ತುಂಬಿಸಿ. ಸ್ಟೆಪ್ನಿ ಗಾಳಿ ಮೈಸೂರಲ್ಲೇ ನೋಡಿಸಿ. ಬಣ್ಣ ಬಳಿಯದ ಹಂಪ್ ಪ್ರತಿ ಊರಿನ ಶುರುವಿಗೂ ಒಂದು, ಕೊನೆಗೂ ಒಂದು ಇರುತ್ತೆ.

ಸಿಸ್ಟರ್_ಸರಗೂರು

ಸುಮಾ ಅವರೇ, ಮಾವನವರ ವಿಷಯ ಮೊದಲು ಹೇಳುತ್ತೇನೆ. ಬಳಸುತ್ತಿರುವ ಇನ್ಸುಲಿನ್ ಪೆನ್ನು ಅಥವಾ ವಯಲ್ 30 ಡಿಗ್ರಿಯೊಳಗಿದ್ದರೆ ಸುಮಾರು ನಾಲ್ಕು ವಾರ ಹೊರಗಿಟ್ಟರೂ ಕೆಡುವುದಿಲ್ಲ. ಡಿಸೆಂಬರ್‌ನಲ್ಲಿ ಮನೆಯೊಳಗೆ ತೊಂದರೆ ಇಲ್ಲ. ಕೆಡುವುದು ಕಾರಿನಲ್ಲಿ. ಬಿಸಿಲಿಗೆ ನಿಲ್ಲಿಸಿ ಗಾಜು ಮುಚ್ಚಿದ ಕಾರು ಅರ್ಧ ಗಂಟೆಯಲ್ಲಿ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಡ್ಯಾಷ್‌ಬೋರ್ಡಿನಲ್ಲಿ ಬಿಡದೆ ಕೈಚೀಲದಲ್ಲಿ ಜೊತೆಗೇ ಒಯ್ಯಿರಿ. ಐಸ್‌ಗೆ ನೇರವಾಗಿ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸ ಮಾಡುವುದಿಲ್ಲ. ಎರಡು ಪೆನ್ನು ಇದ್ದರೆ ಎರಡು ಬೇರೆ ಚೀಲದಲ್ಲಿರಲಿ.

ಹೊರಗೆ ಹೋದಾಗ ಹೆಚ್ಚಾಗಿ ಆಗುವ ತೊಂದರೆ ಶುಗರ್ ಇಳಿಯುವುದು. ಮನೆಯಲ್ಲಿ ಒಂದು ಗಂಟೆಗೆ ಊಟ ಎಂದು ಸೂಜಿ ತೆಗೆದುಕೊಂಡಿರುತ್ತಾರೆ, ಹೋಟೆಲಿನಲ್ಲಿ ಊಟ ಬರುವುದು ಎರಡಕ್ಕೆ. ಪ್ರವಾಸದ ದಿನಗಳಲ್ಲಿ ಸೂಜಿಯ ಹೊತ್ತು ಹೇಗಿರಬೇಕು ಎಂದು ನಿಮ್ಮ ಡಾಕ್ಟರನ್ನು ಈಗಲೇ ಕೇಳಿಕೊಳ್ಳಿ. ಕೈನಡುಕ, ಬೆವರು, ಸುಮ್ಮನೆ ಸಿಡುಕು ಕಂಡರೆ ಗ್ಲೂಕೋಸ್ ಪುಡಿ ಮೂರು ಟೀ ಚಮಚ (ಸುಮಾರು 15 ಗ್ರಾಂ) ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಶುಗರ್ ಪರೀಕ್ಷಿಸಿ ನೋಡಿ, 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಇನ್ನೊಂದು ಕಡೆ, ನಮ್ಮ ಹೋಟೆಲುಗಳ ಒಂದು ಮುದ್ದೆ ಮೈಸೂರಿನ ಮನೆಯ ಎರಡು ಮುದ್ದೆಯಷ್ಟಿರುತ್ತದೆ. ಅರ್ಧ ಮುದ್ದೆ, ಜಾಸ್ತಿ ಉಪ್ಸಾರು, ಸೊಪ್ಪಿನ ಪಲ್ಯ ಎಂದು ಮೊದಲೇ ಹೇಳಿ.

ಹಾವಿನ ಬಗ್ಗೆ ಬರೆಯದೆ ಇರಲಾಗದು. ಕುಯ್ಲಿನ ಕಾಲದಲ್ಲಿ ರಾಗಿ ಮೆದೆಗೆ ಇಲಿ ಬರುತ್ತವೆ, ಇಲಿಯ ಹಿಂದೆ ನಾಗರ, ಮಂಡಲದ ಹಾವು ಬರುತ್ತವೆ. ಮೆದೆಯ ಪಕ್ಕ ಮಗಳನ್ನು ಆಡಲು ಬಿಡಬೇಡಿ, ಕತ್ತಲಲ್ಲಿ ಟಾರ್ಚ್ ಮತ್ತು ಮುಚ್ಚಿದ ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯಬೇಡಿ. ಕಟ್ಟುಹಾವು ರಾತ್ರಿ ಮನೆಯೊಳಗೇ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗ್ಗೆ ಎದ್ದವರಿಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟ ಎಂದರೆ ಹಾವು ಎಂದೇ ತಿಳಿದು ಆಸ್ಪತ್ರೆಗೆ ಓಡಬೇಕು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಈ ಅಪಾಯ ಬಹುಪಾಲು ತಪ್ಪುತ್ತದೆ.

ಯಾವ ಹಾವೇ ಕಚ್ಚಲಿ, ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಔಷಧಿ ಹಚ್ಚುವುದು ಯಾವುದೂ ಬೇಡ. ಬಿಗಿ ಕಟ್ಟಿದರೆ ಕೈಕಾಲೇ ಕೊಳೆಯುವ ಸಂಭವ. ಬಳೆ, ಉಂಗುರ ತೆಗೆದು, ಕಚ್ಚಿದ ಭಾಗ ಅಲುಗಾಡದಂತೆ ಮರದ ಪಟ್ಟಿ ಕಟ್ಟಿ, ನಡೆಸದೆ ಕರೆತನ್ನಿ. ಕಚ್ಚಿದ ಹೊತ್ತನ್ನು ಬರೆದುಕೊಳ್ಳಿ. ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. ನಮ್ಮಲ್ಲಿ ಕೊಡುವ ವಿಷನಿರೋಧಕ ನಾಗರ, ಕಟ್ಟುಹಾವು, ಎರಡೂ ಮಂಡಲ (ಕೊಳಕುಮಂಡಲ, ಗರಗಸಮಂಡಲ), ಈ ನಾಲ್ಕಕ್ಕೂ ಒಂದೇ. ರಕ್ತವನ್ನು ಒಣ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿ ಮುಂದಿನ ಚಿಕಿತ್ಸೆ ನಿರ್ಧರಿಸುತ್ತಾರೆ. ವಿಷ ಏರಿದ್ದರೆ ಮೊದಲ ಸಲಕ್ಕೇ 8ರಿಂದ 10 ವಯಲ್ ಬೇಕಾಗುತ್ತದೆ. ಸಣ್ಣ ಕ್ಲಿನಿಕ್ಕಿಗೆ ಹೋಗಿ ಒಂದು ಗಂಟೆ ಕಳೆಯುವ ಬದಲು ಸೀದಾ ದೊಡ್ಡ ಆಸ್ಪತ್ರೆಗೆ ಬರಬೇಕು ಎನ್ನುವುದು ಇದಕ್ಕೇ. ಕೋಟೆಯಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆ ಇದೆ, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ, ಮುಂದಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಬಂದ ದಿನವೇ ಲಾಡ್ಜಿನಿಂದ ಆಸ್ಪತ್ರೆಗೆ ದಾರಿ ಯಾವುದು ಎಂದು ಒಮ್ಮೆ ನೋಡಿಕೊಳ್ಳಿ.

ನಾಯಿ, ಕೋತಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ಹಾಕಿಸಿ. ಕುಡಿಯುವ ನೀರಿಗೆ ಊರೂರಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಕ್ಯಾನು ನೀವೇ ತರಬೇಕು.

ಕಾಡಂಚಿನ_ಮೇಷ್ಟ್ರು

ಹಾಡಿಯ ವಿಷಯಕ್ಕೆ ಮಾತ್ರ ಬರೆಯುತ್ತೇನೆ ತಾಯಿ. ಮಗುವಿನ ಮನಸ್ಸು ದೊಡ್ಡದು, ಅದನ್ನು ಸರಿಯಾದ ದಾರಿಗೆ ಹಚ್ಚೋಣ.

ಹಾಡಿ ಎಂದರೆ ಜನ ಬಾಳುವ ಊರು. ಕರೆಯದೆ ನಾಲ್ಕು ಜನ ಕಾರಿನಲ್ಲಿ ಬಂದಿಳಿದು ಗುಡಿಸಲ ಮುಂದೆ ನಿಂತು ನೋಡುವುದು, ಫೋಟೋ ತೆಗೆಯುವುದು ಅವರಿಗೆ ನೋವು ಕೊಡುತ್ತದೆ. ಇಲ್ಲಿ ಜೇನು ಕುರುಬರು, ಕಾಡು ಕುರುಬರು, ಯರವರು, ಸೋಲಿಗರು ಇದ್ದಾರೆ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳು ಎರಡೇ, ಒಂದು ಜೇನು ಕುರುಬ, ಇನ್ನೊಂದು ಕರಾವಳಿಯ ಕೊರಗ. ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿದಾಗ ನೀರಿಗೆ, ಆಮೇಲೆ ರಾಷ್ಟ್ರೀಯ ಉದ್ಯಾನಕ್ಕೆ, ಎರಡು ಸಲ ನೆಲೆ ಬಿಟ್ಟ ಕುಟುಂಬಗಳು ಇಲ್ಲಿವೆ. ಹೊಸಬರು ಕ್ಯಾಮೆರಾ ಹಿಡಿದು ಬಂದರೆ ಅವರಿಗೆ ಮೊದಲು ಬರುವುದು ಅನುಮಾನ.

ಕಾಡಿನೊಳಗಿನ ಹಾಡಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಹೊರಗಿನದಾದರೂ ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯರನ್ನೋ, ಅಂಗನವಾಡಿಯವರನ್ನೋ ವಾರ ಮೊದಲೇ ಕೇಳಿ. ಅವರು ಹಾಡಿಯ ಯಜಮಾನರ ಹತ್ತಿರ ಮಾತಾಡಿ ಬನ್ನಿ ಎಂದರೆ ಹೋಗಿ, ಬೇಡ ಎಂದರೆ ಅಲ್ಲಿಗೇ ಬಿಡಿ. ಉಟ್ಟು ಬಿಟ್ಟ ಬಟ್ಟೆ ತರಬೇಡಿ. ಸ್ವೀಟು ಹಂಚಬೇಡಿ, ಕಾರು ಕಂಡೊಡನೆ ಮಕ್ಕಳು ಕೈಚಾಚಿ ಓಡಿಬರುವ ಅಭ್ಯಾಸ ಹೀಗೆಯೇ ಶುರುವಾಗುವುದು, ರಸ್ತೆಯಲ್ಲಿ ಅದು ಅಪಾಯವೂ ಹೌದು. ಕೊಡಲೇಬೇಕು ಎಂದಿದ್ದರೆ ಶಾಲೆಗೆ ಏನು ಬೇಕೆಂದು ಮೇಷ್ಟ್ರನ್ನು ಕೇಳಿ ಹೊಸದನ್ನೇ ಕೊಡಿ. ಬಿಳಿ ಹಾಳೆಯ ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್, ವಾಲಿಬಾಲ್ ಇಂಥವು ಎಲ್ಲ ಮಕ್ಕಳಿಗೂ ಸೇರುತ್ತವೆ.

ಜೇನುತುಪ್ಪ ಬೇಕಿದ್ದರೆ ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ಕೊಳ್ಳಿ, ದುಡ್ಡು ಕಿತ್ತವರ ಕೈಗೆ ಹೋಗುತ್ತದೆ. ರಸ್ತೆ ಬದಿಯಲ್ಲಿ ಗೂಡಿನ ಸಮೇತ ಬಕೆಟ್ಟಿನಲ್ಲಿ ಇಟ್ಟು ಮಾರುವುದರಲ್ಲಿ ಬೆಲ್ಲದ ಪಾಕ ಬೆರೆತಿರುವುದುಂಟು. ಹೆಜ್ಜೇನು ಕೀಳುವುದು ಮುಖ್ಯವಾಗಿ ಏಪ್ರಿಲ್–ಜೂನ್ ಸುಮಾರಿಗೆ. ಡಿಸೆಂಬರ್‌ನಲ್ಲಿ 'ನಿನ್ನೆ ತಾನೇ ಕಿತ್ತದ್ದು' ಎಂದರೆ ನಂಬುವ ಮೊದಲು ಯೋಚಿಸಿ.

ಮಗಳಿಗೆ ಬಳ್ಳೆಯಲ್ಲಿ ಒಂದು ಮಾತು ಹೇಳಿ. ದಸರಾದಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಬಳ್ಳೆಯ ಆನೆ ಶಿಬಿರದವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ತೀರಿಕೊಂಡ. ಈ ಆನೆಗಳನ್ನು ಸಾಕಿ ಪಳಗಿಸುವ ಮಾವುತರು, ಕಾವಾಡಿಗಳಲ್ಲಿ ಬಹಳ ಮಂದಿ ಜೇನು ಕುರುಬರು. ಜಂಬೂ ಸವಾರಿಯಲ್ಲಿ ಆನೆಯನ್ನು ನೋಡಿರುವ ಮೈಸೂರಿನ ಮಗುವಿಗೆ ಆನೆಯ ಕತ್ತಿನ ಮೇಲೆ ಕೂತವರು ಯಾರು ಎಂದು ತಿಳಿಯಲಿ.

ಸುಮಾ_ಕುವೆಂಪುನಗರ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಹಾಡಿ ಕೈಬಿಟ್ಟೆವು ಮೇಷ್ಟ್ರೇ, ಶಾಲೆಯವರನ್ನ ಕೇಳಿ ಡ್ರಾಯಿಂಗ್ ಪುಸ್ತಕ ಕಳಿಸ್ತೀವಿ. ಕುಪ್ಪೆಯೂ ಬೇಡ ಅಂತ ತೀರ್ಮಾನ ಆಯ್ತು. ಸರಗೂರಲ್ಲೇ ಲಾಡ್ಜ್, ಕಾರು ನಮ್ಮದೇ. ಇನ್ನೆರಡು ಅನುಮಾನ. ಹಿನ್ನೀರಲ್ಲಿ ಆನೆ ಹಿಂಡು ನೀರು ಕುಡಿಯೋದು ದಡದಿಂದಲೇ ಕಾಣುತ್ತೆ ಅಂತಾರಲ್ಲ, ಸಫಾರಿ ಇಲ್ಲದೆ ಅದು ಸಾಧ್ಯವಾ? ಮಗಳು ನೀರಲ್ಲಿ ಕಾಲಾಡಿಸೋ ಹಾಗೆ ಎಲ್ಲಾದರೂ ಜಾಗ ಇದೆಯಾ?

ಕಬಿನಿ_ಬಲದಂಡೆ

ನೀವು ಹೇಳ್ತಿರೋ ಆನೆ ಹಿಂಡಿನ ಚಿತ್ರ ಮಾರ್ಚ್‌ನಿಂದ ಮೇವರೆಗಿನದು ಮೇಡಂ. ಆಗ ನಾಗರಹೊಳೆ, ಬಂಡೀಪುರದ ಒಳಗಿನ ಕೆರೆಗಳು ಬತ್ತುತ್ತವೆ, ಹಿನ್ನೀರು ಇಳಿದ ಜಾಗದಲ್ಲಿ ಹಸಿರು ಗರಿಕೆ ಬರುತ್ತೆ, ಎರಡೂ ಕಾಡಿನ ಆನೆಗಳು ಅಲ್ಲಿಗೆ ಸೇರುತ್ತವೆ. ಜಲಾಶಯದ ಪೂರ್ಣ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ವಯನಾಡಿನಲ್ಲಿ ಮಳೆ ಚೆನ್ನಾಗಿ ಆದ ವರ್ಷ ಜುಲೈ–ಆಗಸ್ಟ್‌ಗೇ ತುಂಬುತ್ತೆ, ಡಿಸೆಂಬರ್‌ಗೂ ನೀರು ಮೇಲೇ ಇರುತ್ತೆ. ಕಾಡೊಳಗೂ ಮೇವು ನೀರು ಇರೋದರಿಂದ ಹಿಂಡುಗಳು ಚದುರಿರ್ತವೆ. ಮಗಳಿಗೆ ಈಗಲೇ ಆನೆ ಆಸೆ ಹುಟ್ಟಿಸಬೇಡಿ. ಈ ಕಾಲಕ್ಕೆ ನೀರಹಕ್ಕಿ ಚೆನ್ನಾಗಿ ಕಾಣುತ್ತವೆ, ಒಂದು ದುರ್ಬೀನು ತನ್ನಿ.

ಸಫಾರಿ ಬೇಕೇ ಬೇಕು ಅಂದರೆ ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯದು ಹೊರಡುತ್ತೆ. ಆದರೆ ಹೊರಡೋ ಮುಂಚೆ ನಡೀತಿದೆಯಾ ಅಂತ ಕೇಳಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಇದೇ ಕಾರಣಕ್ಕೆ ಇನ್ನೊಂದು ಮಾತು: ಹೊಲದಲ್ಲಿ ಬೆಳೆ ಎದೆಮಟ್ಟ ಇರೋ ಕಡೆ, ಪೊದೆ ಇರೋ ಕಡೆ ಮಗು ಮುಂದೆ ಓಡದ ಹಾಗೆ ನೋಡ್ಕೊಳ್ಳಿ. ಹುಲಿ, ಚಿರತೆ, ಆನೆ ಯಾವುದು ಊರ ಹತ್ತಿರ ಕಂಡರೂ ಅರಣ್ಯ ಸಹಾಯವಾಣಿ 1926.

ನೀರಲ್ಲಿ ಕಾಲಾಡಿಸೋ ಆಸೆ ಬಿಟ್ಟುಬಿಡಿ. ಹಿನ್ನೀರಿನ ದಡ ನೋಡೋಕೆ ಗಟ್ಟಿ. ಮೇಲೆ ಬೆರಳು ದಪ್ಪ ಒಣಗಿದ ಪದರ ಇರುತ್ತೆ, ಬಿರುಕು ಬಿಟ್ಟಿರುತ್ತೆ, ಹಸು ನಡೆದ ಗುರುತೂ ಇರುತ್ತೆ. ಕೆಳಗೆ ಹೂಳು. ನೀರಿನಂಚಿಗೆ ಹೋದಷ್ಟೂ ಆ ಪದರ ತೆಳ್ಳಗಾಗಿ, ಒಂದು ಹೆಜ್ಜೆಗೆ ಮೊಣಕಾಲವರೆಗೂ ಇಳಿಯುತ್ತೆ. ಒಂದು ಕಾಲು ಎಳೆಯೋಕೆ ಇನ್ನೊಂದನ್ನ ಒತ್ತಿದರೆ ಅದೂ ಇಳಿಯುತ್ತೆ. ಸಿಕ್ಕಿಕೊಂಡವರು ಒದ್ದಾಡದೆ ಹಿಂದಕ್ಕೆ ಕೂತು ಇಲ್ಲವೇ ಮಲಗಿ ಭಾರ ಹರಡಬೇಕು, ಎಳೆಯೋರು ಗಟ್ಟಿ ನೆಲದಲ್ಲೇ ನಿಂತು ಕೋಲೋ ಪಂಚೆಯೋ ಎಸೀಬೇಕು. ಮೊಸಳೆಯೂ ಇದೆ. ಅಣೆಕಟ್ಟೆಯ ಕೆಳಗಿನ ಹೊಳೆಯೂ ಅಷ್ಟೇ, ಬಂಡೆ ಒಣಗಿದೆ ಅಂತ ಇಳಿದಿರ್ತೀರಿ, ಮೇಲೆ ಗೇಟ್ ಎತ್ತಿದರೆ ಅಥವಾ ವಿದ್ಯುತ್ ಘಟಕದಿಂದ ನೀರು ಬಿಟ್ಟರೆ ನೋಡನೋಡುತ್ತಾ ಏರುತ್ತೆ. ಸೈರನ್ ಕೇಳಿದರೆ ಚಪ್ಪಲಿ, ಬ್ಯಾಗು ಹುಡುಕಬೇಡಿ, ದಡಕ್ಕೆ ಬನ್ನಿ. ಅಣೆಕಟ್ಟೆಯ ಮೇಲೆ ಓಡಾಡೋಕೆ ಅನುಮತಿ ಬೇಕು, ಕಾವಲಿನವರು ಬೇಡ ಅಂದರೆ ವಾದ ಮಾಡಬೇಡಿ.

ಬೇಲಿ ಬಗ್ಗೆ ಯಾರೂ ಬರೆದಿಲ್ಲ. ಹೊಲದ ಸುತ್ತ ಸೋಲಾರ್ ಬೇಲಿ ಇರುತ್ತೆ. ಅದರ ಕರೆಂಟು ಸೆಕೆಂಡಿಗೊಮ್ಮೆ ಹೊಡೆದು ಬಿಡುತ್ತೆ, ಜೋರಾಗಿ ಶಾಕ್ ಆದರೂ ಕೈ ಬಿಡಿಸಿಕೊಳ್ಳಬಹುದು. ಅಪಾಯ ಇರೋದು ಹಂದಿ ಬರದಿರಲಿ ಅಂತ ಲೈನಿನಿಂದ ನೇರ ಕರೆಂಟು ಎಳೆದಿರೋ ತಂತಿಯಲ್ಲಿ. ಅದು ಕಾನೂನುಬಾಹಿರ, ಮುಟ್ಟಿದರೆ ಜೀವ ಹೋಗುತ್ತೆ, ಆನೆಗಳೂ ಸತ್ತಿವೆ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಆದ್ದರಿಂದ ಯಾವ ತಂತಿಯನ್ನೂ ಮುಟ್ಟಬೇಡಿ, ದಾಟಬೇಡಿ, ಫೋಟೋಗೆ ಒರಗಬೇಡಿ. ಮೇಲಿನಿಂದ ಜೋತುಬಿಟ್ಟ ತಂತಿಗಳ ತೂಗುಬೇಲಿಯೂ ಕೆಲವು ಕಡೆ ಇದೆ, ಅದರ ಕೆಳಗೆ ಬಗ್ಗಿ ನುಸುಳೋ ಹುಡುಗಾಟ ಮಗಳಿಗೆ ಬೇಡ.

ನೋಡೋಕೆ ಏನೂ ಇಲ್ಲ ಅಂದುಕೊಳ್ಳಬೇಡಿ. ಕೋಟೆಯ ವರದರಾಜಸ್ವಾಮಿ ದೇವಸ್ಥಾನಕ್ಕೆ ಹೋಗಿ. ಕಬಿನಿ ದಡದ ಕಿತ್ತೂರು ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ, ಗಂಗರಿಗಿಂತ ಮುಂಚಿನ ಹೆಸರು ಅದು. ಮಾವನವರಿಗೆ ಇತಿಹಾಸದ ಆಸಕ್ತಿ ಇದ್ದರೆ ಆ ಸೀಮೆಯ ರಸ್ತೇಲಿ ಹೋಗುವಾಗ ಹೇಳಿ.

ಹ್ಯಾಂಡ್‌ಪೋಸ್ಟ್_ಮಾದೇವ

ಇನ್ನೆರಡು ಸಣ್ಣ ವಿಷಯ. ಚಿಕ್ಕದೇವಮ್ಮನ ಬೆಟ್ಟಕ್ಕೆ ಮಂಗಳವಾರ, ಶುಕ್ರವಾರ ಜನ ಜಾಸ್ತಿ, ಬೇರೆ ದಿನ ಬೆಳಗ್ಗೆ ಹೋದರೆ ಮಾವನವರಿಗೆ ಆರಾಮ. ಊಟದ ಹೋಟೆಲಲ್ಲಿ ತಿಂಡಿ ಬೆಳಗ್ಗೆ 10:30ಕ್ಕೆಲ್ಲ ಮುಗಿಯುತ್ತೆ, ಮುದ್ದೆ 12:30ಕ್ಕೆ ಶುರು, 3ರ ಮೇಲೆ ಹೋದರೆ ಅನ್ನ ಸಾರು ಮಾತ್ರ. ರಾತ್ರಿ ಊಟ 8ರೊಳಗೆ ಮುಗಿಸಿ. ಅವರೆಕಾಯಿ ಕಾಲ ಅದು, ಅವರೆಕಾಳು ಸಾರು ಇದೆಯಾ ಅಂತ ಬೆಳಗ್ಗೆಯೇ ಕೇಳಿ ಹೇಳಿಟ್ಟರೆ ಎತ್ತಿಟ್ಟಿರ್ತಾರೆ.

ಫೋನ್‌ಪೇ, ಗೂಗಲ್‌ಪೇ ಪಟ್ಟಣದಲ್ಲಿ ನಡೆಯುತ್ತೆ, ಅಂತರಸಂತೆ ದಾಟಿದ ಮೇಲೆ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು. ಹತ್ತು, ಇಪ್ಪತ್ತು, ಐವತ್ತರ ನೋಟಲ್ಲಿ ಎರಡು ಸಾವಿರ ರೂಪಾಯಿ ಕೈಲಿರಲಿ. ಮ್ಯಾಪ್ ಮೈಸೂರಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಆದರೆ ಮ್ಯಾಪ್ ತೋರಿಸೋ ಹತ್ತಿರದ ದಾರಿ ಎಷ್ಟೋ ಸಲ ಹೊಲದ ಬಂಡಿ ಜಾಡು, ಮಳೆ ಬಿದ್ದಿದ್ದರೆ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಅಲ್ಲೇ ನಿಲ್ಲುತ್ತೆ. ಬಸ್ಸು ಓಡಾಡೋ ರಸ್ತೆ ಬಿಡಬೇಡಿ.